ಬೆಟಗೇರಿಯ ಎರಡನೇ ಕಿವಿ

ನೀರಾಲಿಗರ ಚಾವಡಿ, ಬೆಟಗೇರಿ
ಫೆಬ್ರವರಿ ಮೂವತ್ತು, 2231

ಇನ್ನೂರು ವರ್ಷ ಹಿಂದೆ ಬಾಳುತ್ತಿರುವ ನಿಮಗೆ ನಿಂಬೆವ್ವ ಹಡಪದಳ ನಮಸ್ಕಾರಗಳು. ನಿಮ್ಮ ಕ್ಷೇಮ ವಿಚಾರಿಸುವುದಕ್ಕೆ ನಾನು ತೀರ ತಡಮಾಡಿದ್ದೇನೆ, ಕ್ಷಮಿಸಿ. ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಜುಲೈ, ಆಗಸ್ಟ್ ಎರಡೂ ಒಂದೊಂದು ದಿನ ಹೆಚ್ಚಿಗೆ ಇಟ್ಟುಕೊಂಡು ಕೂತಿದ್ದವು. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಅವುಗಳಿಂದ ಕಸಿದು ಬಡಪಾಯಿ ಫೆಬ್ರವರಿಗೆ ಕೊಟ್ಟರಂತೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೂ ಕ್ಷಮೆ ಇರಲಿ. ಹೊಸ ಮಾತು ಬಂದಲ್ಲೆಲ್ಲ ನಿಂತು ಬಿಡಿಸಿ ಹೇಳುತ್ತೇನೆ. ನಿಮ್ಮ ಮಾತುಗಳಲ್ಲೂ ಕೆಲವು ನಮಗೆ ಹಾಗೇ ಇವೆ. 'ಡೆಡ್‌ಲೈನ್' ಎಂದರೆ ಸ್ಮಶಾನದ ಬೇಲಿ ಇರಬೇಕೆಂದು ನಾನು ಬಹಳ ದಿನ ನಂಬಿದ್ದೆ.

ಈ ಕಾಗದ ನಿಮಗೆ ಬರುತ್ತಿರುವುದು ಹಿಂದಂಚೆಯಲ್ಲಿ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ನನಗೆ ನಿಜಕ್ಕೂ ಗೊತ್ತಿಲ್ಲ. ಓಣಿಗೊಬ್ಬರಂತೆ ಚೀಟಿ ಎತ್ತುತ್ತಾರೆ, ಹೆಸರು ಬಂದವರು ಒಂದು ಕಾಗದ ಬರೆಯಬಹುದು, ಉತ್ತರ ಮಾತ್ರ ಬರುವುದಿಲ್ಲ. ನನ್ನ ಹೆಸರು ಬಂದಾಗ ಓಣಿಯವರೆಲ್ಲ ಉಪದೇಶ ಮಾಡಲು ಬಂದರು. ಸಮುದ್ರ ಎಲ್ಲಿಯವರೆಗೆ ಬಂದಿದೆ ಬರೆ, ಯಾವ ರಾಜ್ಯ ಉಳಿದಿದೆ ಬರೆ ಎಂದರು. ಅದನ್ನೆಲ್ಲ ಬರೆಯುವವರು ಬೇರೆ ಇದ್ದಾರೆ. ನನಗೆ ನಿಮ್ಮ ಬಗ್ಗೆ ಇರುವ ಕುತೂಹಲವೇ ಬೇರೆ. ಮನಸ್ಸು ಕೆಟ್ಟು ಮನೆಯಲ್ಲಿ ಕೂತವರು ನಿಮ್ಮಲ್ಲಿ ಕೆಲಸಕ್ಕೆ, ಓದಿಗೆ ಹೇಗೆ ಮರಳುತ್ತಾರೆ? ಕೆಲವರು ಅದನ್ನು ಮುಚ್ಚಿಟ್ಟು ಕಾಮಾಲೆ ಆಗಿತ್ತು, ಟೈಫಾಯ್ಡ್ ಆಗಿತ್ತು ಎಂದು ಹೇಳುತ್ತಿದ್ದರೆಂದು ಇಲ್ಲಿನ ಹಿರಿಯರು ಕಥೆ ಹೇಳುತ್ತಾರೆ. ಹೌದೇ? ಹಾಗಾದರೆ ಒಂದು ಸಂದೇಹ. ಟೈಫಾಯ್ಡ್ ಆಗಿ ಬಂದವನಿಗೆ ಗಂಜಿ ಮಾಡಿಕೊಟ್ಟು ಉಪಚರಿಸುತ್ತಿದ್ದಿರೋ? ಅವನು ಮನಸ್ಸಿನಲ್ಲಿ ನಗುತ್ತ ಕುಡಿಯುತ್ತಿದ್ದನೋ, ಅಳುತ್ತ ಕುಡಿಯುತ್ತಿದ್ದನೋ? ಇಂಥವು ಯಾವ ಇತಿಹಾಸದ ಪಾಠದಲ್ಲೂ ಇಲ್ಲ, ಅದೇ ನನ್ನ ಸಂಕಟ.

ನಾನು ಹೇಳಬೇಕೆಂದಿರುವ ಸಂಗತಿ ನಮ್ಮ ಊರಿನ ನೀರಿನ ಕೆಲಸಕ್ಕೆ ಸೇರಿದ್ದು, ಆದ್ದರಿಂದ ಮೊದಲು ಅದನ್ನು ಹೇಳಿಬಿಡುತ್ತೇನೆ. ನಮ್ಮ ನೀರೆಲ್ಲ ನೆಲದ ಕೆಳಗಿದೆ. ಹೊಂಡಗಳಿಗೆ ಮುಚ್ಚಳ, ಹೊಂಡದಿಂದ ಹೊಂಡಕ್ಕೆ ಆಳದಲ್ಲಿ ಕೊಳವೆ. ಬಿಸಿಲಿಗೆ ಒಂದು ಹನಿಯೂ ಕಾಣುವುದಿಲ್ಲ. ಅದಕ್ಕೇ ಸೋರಿಕೆಯೂ ಕಾಣುವುದಿಲ್ಲ, ಕೇಳಿಸಬೇಕು ಅಷ್ಟೆ. ಹಾಗೆ ಕೇಳುವವರು ನೀರಾಲಿಗರು. ಉದ್ದನೆಯ ಕಬ್ಬಿಣದ ಕೋಲನ್ನು ನೆಲಕ್ಕೆ ಊರಿ, ಮೇಲಿನ ತುದಿಗೆ ಕಿವಿ ಕೊಟ್ಟು ನಿಲ್ಲುತ್ತಾರೆ. ಯಂತ್ರ ಇಲ್ಲವೇ ಎನ್ನುತ್ತೀರಿ. ಇದೆ. ಎಲ್ಲೋ ಸೋರುತ್ತಿದೆ ಎಂದು ಬಡಬಡಿಸುತ್ತದೆ; ಯಾರ ಮನೆಯ ಮುಂದೆ ಎಂದು ಕೇಳಿದರೆ ಬಾಯಿಬಿಡುವುದಿಲ್ಲ. ಅದಕ್ಕಾಗಿ ಊರಿನಲ್ಲಿ ದಿನಾ ಮಧ್ಯಾಹ್ನ, ಊಟವಾದ ಮೇಲೆ, ಸದ್ದಿಲ್ಲದ ಹೊತ್ತು ಎಂದು ಆಚರಿಸುತ್ತೇವೆ. ಮಗ್ಗ ನಿಲ್ಲುತ್ತದೆ, ಗಾಡಿ ನಿಲ್ಲುತ್ತದೆ, ಒನಕೆ ಮೂಲೆ ಸೇರುತ್ತದೆ, ಜಗಳಾಡುತ್ತಿದ್ದ ಗಂಡ ಹೆಂಡಿರು ಕೈಸನ್ನೆಯಲ್ಲಿ ಮುಂದುವರಿಸುತ್ತಾರೆ. ಹೊರಊರಿನಿಂದ ಬಂದವರು ಊರಿಗೇನಾಯಿತೆಂದು ಗಾಬರಿಯಾಗುವುದುಂಟು. ಆ ಹೊತ್ತಿನಲ್ಲಿ ಓಣಿಯೋಣಿಯಲ್ಲಿ ಕೋಲು ಹಿಡಿದವರು ಮಾತ್ರ ಓಡಾಡುತ್ತಾರೆ.

ಈ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಒಬ್ಬರ ಕಿವಿಯನ್ನು ನಂಬಿ ನೆಲ ಅಗೆಯುವಂತಿಲ್ಲ. ಮೊದಲು ಕೇಳಿದವರು ಸುಣ್ಣದ ಗುರುತು ಹಾಕಿ 'ಐತಿ' ಎನ್ನುತ್ತಾರೆ. ಆಮೇಲೆ ಇನ್ನೊಬ್ಬರು ಬಂದು ಹೊಸದಾಗಿ ಕೋಲು ಊರಿ ಕೇಳುತ್ತಾರೆ. ಇವರನ್ನು ಎರಡನೇ ಕಿವಿ ಎನ್ನುತ್ತೇವೆ. ಅವರು 'ಐತಿ' ಎನ್ನಬೇಕು, ಇಲ್ಲವೇ 'ಇಲ್ಲ' ಎನ್ನಬೇಕು. ಮೂರನೆಯ ಮಾತಿಗೆ ಅಲ್ಲಿ ಜಾಗವಿಲ್ಲ. ಇಲ್ಲ ಎಂದರೆ ಯಾರಿಗೂ ಅವಮಾನವಲ್ಲ, ನಲವತ್ತು ವರ್ಷ ಕೋಲು ಹಿಡಿದವರೂ ಮೂತಿ ತಿರುವದೆ ಗುರುತು ಅಳಿಸಿ ಮುಂದೆ ಹೋಗುತ್ತಾರೆ.

ಇನ್ನು ನನ್ನ ಕೆಲಸ. ನಾನು ಇಂಬುಗಾರ್ತಿ. ಮನಸ್ಸಿನ ಕಾಯಿಲೆ ಬಂದವರ ಜಾಗವನ್ನು ನಮ್ಮಲ್ಲಿ ಬೇರೆಯವರಿಗೆ ಕೊಡುವುದಿಲ್ಲ. ಅದು ಶಾಲೆಯ ಮಣೆಯಾಗಲಿ, ಅಂಗಡಿಯ ಗಲ್ಲೆಯಾಗಲಿ, ಅವರು ಬರುವವರೆಗೆ ಹಾಗೇ ಇಟ್ಟಿರುತ್ತೇವೆ. ಆ ಏರ್ಪಾಟಿನ ಹೆಸರು ಇಂಬು. ಮರಳಿ ಬರುವವರ ಜೊತೆಯಲ್ಲಿ ಓಡಾಡಿಕೊಂಡಿರುವುದು ಇಂಬುಗಾರ್ತಿಯ ಕೆಲಸ. ನಾನು ವೈದ್ಯಳಲ್ಲ, ಮದ್ದು ಕೊಡುವುದಿಲ್ಲ, ಬುದ್ಧಿ ಹೇಳುವುದಂತೂ ನಿಷಿದ್ಧ. ಮೊದಲು ಅವರು ಊಟದ ಹೊತ್ತಿಗೆ ಮಾತ್ರ ಬಂದು ಹೋಗುತ್ತಾರೆ. ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ನಾಲ್ಕು ಹರಟೆ, ಅಷ್ಟೆ. ಕೆಲಸದವರ ಜೊತೆ ಕೂತು ಉಣ್ಣುವ ರೂಢಿ ಬಂದ ಮೇಲೆ ಸುಮ್ಮನೆ ಜೊತೆಗೆ ನಡೆಯುತ್ತಾರೆ. ಆಮೇಲೆ ತಮಗೆ ಬೇಕೆನಿಸಿದ ದಿನ ಕೆಲಸಕ್ಕೆ ಕೈ ಹಾಕುತ್ತಾರೆ. ಯಾರೂ ತಳ್ಳುವುದಿಲ್ಲ, ಯಾರೂ ತಡೆಯುವುದಿಲ್ಲ. ನಾವು ಈ ಪದ್ಧತಿಯ ಬಗ್ಗೆ ಬಹಳ ಜಂಬ ಪಡುತ್ತೇವೆ. ಆ ಜಂಬಕ್ಕೆ ಹೇಗೆ ಪೆಟ್ಟು ಬಿತ್ತು ಎಂಬುದೇ ಈ ಕಾಗದ.

ಕಸ್ತೂರಿ ಬಡಿಗೇರ ನಮ್ಮ ಚಾವಡಿಯ ನೀರಾಲಿಗರಲ್ಲೊಬ್ಬಳು. ಒಳ್ಳೆಯ ಕಿವಿ, ಅದಕ್ಕಿಂತ ಚುರುಕು ನಾಲಿಗೆ. ನೀರಿನ ಕೆಲಸ ಕಲಿಸುವ ನೀರಶಾಲೆಯಲ್ಲಿ ಕೊನೆಯ ವರ್ಷದ ಓದನ್ನೂ ಜೊತೆಗೇ ನಡೆಸಿದ್ದಳು. ಅದು ಮುಗಿದರೆ ಅಲ್ಲೇ ಕಲಿಸುವ ಕೆಲಸ ಅವಳಿಗೆ ಸಿಗುವುದಿತ್ತು. ಒಂದು ಬೇಸಿಗೆಯಲ್ಲಿ ಅವಳಿಗೆ ಕೊಳವೆಯೇ ಇಲ್ಲದ ಕಡೆ ನೀರು ಕೇಳಿಸತೊಡಗಿತು. ಆಮೇಲೆ ನೀರಿನೊಳಗೆ ಮಾತು ಕೇಳಿಸಿತು, ಯಾರೋ ಕೆಳಗಿನಿಂದ ಅವಳ ಹೆಸರು ಹಿಡಿದು ಕರೆದರು. ಅವರನ್ನು ಮೇಲೆತ್ತಬೇಕೆಂದು ಗಂಡನ ಮನೆಯ ಅಂಗಳ ಅಗೆದಳು, ಪಕ್ಕದವರ ಕಟ್ಟೆ ಅಗೆದಳು, ಉಗುರು ಕಿತ್ತು ರಕ್ತ ಬಂದರೂ ನಿಲ್ಲಿಸಲಿಲ್ಲ. ನೆರಳುಮನೆಗೆ, ಎಂದರೆ ಮನಸ್ಸಿಗೆ ಮದ್ದು ಕೊಡುವ ಆಸ್ಪತ್ರೆಗೆ, ಕರೆದುಕೊಂಡು ಹೋದಾಗ ನಾನೂ ಗಾಡಿಯಲ್ಲಿದ್ದೆ. ಅವಳ ಕೈ ನನ್ನ ಮಡಿಲಲ್ಲಿತ್ತು. ಬಹಳ ಹೆದರಿದ್ದಳು, ನಾನೂ ಹೆದರಿದ್ದೆ.

ಮುಂದಿನ ಸುಗ್ಗಿಯ ಹೊತ್ತಿಗೆ ಅವಳು ಮರಳಿದಳು. ಮದ್ದು ಹಿಡಿದಿತ್ತು. ಕರೆಯುವ ಮಾತು ನಿಂತಿತ್ತು, ಆದರೆ ಆಯಾಸವಾದ ದಿನ ತೆಳ್ಳಗೆ ಒಂದು ಹರಿಯುವ ಸದ್ದು ಈಗಲೂ ಬರುತ್ತದೆ ಎಂದು ಅವಳೇ ಹೇಳಿದಳು. ಚಾವಡಿಯ ಮುಖ್ಯಸ್ಥೆ ಸಾವಂತ್ರಕ್ಕ ಅವಳಿಗೆಂದೇ ರೊಟ್ಟಿಯ ಜೊತೆಗೆ ಕರಿಹಿಂಡಿ ಮಾಡಿಸಿ ತಂದರು. ಫಕ್ಕೀರಪ್ಪ ಕಾಕಾ ಅವಳ ಕೋಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಟ್ಟಿದ್ದರು. ನಮ್ಮ ಚಾವಡಿಯ ಎರಡನೇ ಕಿವಿ ಈ ಕಾಕಾ. ಕಸ್ತೂರಿಗೆ ಕೆಲಸ ಹೇಳಿಕೊಟ್ಟವರೂ ಅವರೇ. ಊಟಕ್ಕೆ ಬಂದಳು, ಜೊತೆಗೆ ನಡೆದಳು, ಒಂದು ದಿನ ತಾನಾಗಿಯೇ ಕೋಲು ಎತ್ತಿಕೊಂಡಳು. ಗಾಣಿಗರ ಓಣಿಯ ತಿರುವಿನಲ್ಲಿ ಬಹಳ ಹೊತ್ತು ಕಿವಿ ಕೊಟ್ಟು, ಗುರುತು ಹಾಕಿ, 'ಐತಿ' ಎಂದಳು. ಕಾಕಾ ಕೋಲು ಊರಿ ತಾವೂ 'ಐತಿ' ಎಂದರು. ಆಕೆಯ ಮುಖ ಅರಳಿದ್ದನ್ನು ನೋಡಿ ನಾನು ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ, ಸದ್ದಿಲ್ಲದ ಹೊತ್ತು ಎಂಬುದೂ ನೆನಪಾಗಲಿಲ್ಲ.

ಅಲ್ಲಿಂದ ಅವಳು ಹೇಳಿದ್ದೆಲ್ಲ ಐತಿ, ಐತಿ, ಐತಿ. ಒಂದು ಸಲವೂ ತಪ್ಪಿಲ್ಲ. ಅದೇ ಹೊತ್ತಿಗೆ ನೀರಶಾಲೆಯ ಹಿರಿಯ ಮೇಷ್ಟ್ರು ಮನೆಗೇ ಬಂದು, ನಿನಗೆ ಪರೀಕ್ಷೆ ಬೇಡ ತಂಗಿ, ಹಾಗೇ ಪಾಸು ಮಾಡುತ್ತೇವೆ ಎಂದು ಹೇಳಿ ಹೋದರು. ಕಸ್ತೂರಿ ಖುಷಿಪಡಬೇಕಾಗಿತ್ತು. ಅವಳು ಮಾತ್ರ ದಿನದಿಂದ ದಿನಕ್ಕೆ ಮಂಕಾದಳು. ನನಗೆ ಅರ್ಥವಾಗಲಿಲ್ಲ, ಮದ್ದಿನ ಪರಿಣಾಮವಿರಬೇಕು ಅಂದುಕೊಂಡೆ.

ಒಂದು ಬೆಳಿಗ್ಗೆ ಅವಳು ನನ್ನನ್ನು ಕರೆದುಕೊಂಡು, ಹಿಂದಿನ ದಿನ ತಾನು ಗುರುತು ಹಾಕಿದ್ದ ಜಾಗಕ್ಕೆ ಹೋದಳು. ಅಗೆಯುವವರು ಗುಂಡಿ ತೋಡಿ, ಇನ್ನೂ ಮುಚ್ಚದೆ, ಚಹಾ ಕುಡಿಯಲು ಹೋಗಿದ್ದರು. ಗುಂಡಿಯ ತಳ ಒದ್ದೆಯಾಗಿತ್ತು. ಕಸ್ತೂರಿ ಇಳಿದು ಒಂದು ಹಿಡಿ ಮಣ್ಣು ತೆಗೆದು ಮೂಸಿದಳು, ನನ್ನ ಮೂಗಿಗೂ ಹಿಡಿದಳು. ಲಾವಂಚದ ವಾಸನೆ. ಕೊಳವೆಯ ನೀರಿಗೆ ಸುಣ್ಣದ ವಾಸನೆ ಇರುತ್ತದೆ, ಲಾವಂಚದ ಬೇರು ಹಾಕಿಡುವುದು ಚಾವಡಿಯ ಕುಡಿಯುವ ನೀರಿನ ಕೊಡಕ್ಕೆ. ಹನಿ ನೀರಿಗೆ ಊರೇ ಬಾಯಿ ಮುಚ್ಚಿಕೊಂಡು ಕೂರುವ ಈ ಬೆಟಗೇರಿಯಲ್ಲಿ, ಕುಡಿಯುವ ನೀರನ್ನು ಹೊತ್ತು ತಂದು ಒಣಗುಂಡಿಗೆ ಸುರಿದಿದ್ದರು! ಚಹಾ ಕುಡಿದು ಬಂದ ಅಗೆಯುವವರನ್ನು ಕೇಳಿದಾಗ ಒಪ್ಪಿಕೊಂಡರು, ಅವಳು ತಪ್ಪಿದಾಗಲೆಲ್ಲ ಹೀಗೇ ಮಾಡಿದ್ದರಂತೆ. ಹುಡುಗಿ ನೊಂದುಕೊಳ್ಳಬಾರದೆಂದು ಸಾವಂತ್ರಕ್ಕ ಹೇಳಿದ್ದು, ಕಾಕಾ ಒಪ್ಪಿದ್ದು, ಅಗೆಯುವವರು ಬೆವರು ಸುರಿಸಿ ಮಾಡಿದ್ದು. ನನ್ನ ಬಾಯಿ ದೊಡ್ಡದೆಂದು ನನಗೆ ಮಾತ್ರ ಹೇಳಿರಲಿಲ್ಲ. ಇಷ್ಟು ಒಳ್ಳೆಯತನದಿಂದ ಇಷ್ಟು ದೊಡ್ಡ ತಪ್ಪು ಮಾಡುವುದು ನಮ್ಮ ಊರಿನವರಿಂದ ಮಾತ್ರ ಸಾಧ್ಯ. ಕಸ್ತೂರಿ ಕೈ ಒರೆಸಿಕೊಂಡು ಮನೆಗೆ ಹೋದಳು, ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಾನು ಅವಳ ಮನೆಗೆ ಹೋದೆ. ಅವಳು ಕಾಳು ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ನಿಂಬೆಕ್ಕಾ, ನೆರಳುಮನ್ಯಾಗ ನನಗ ಕಲಿಸಿದ್ದು ಒಂದ ಮಾತು. ಏನರ ಕೇಳಿಸಿದ್ರ ನಂಬಿಗಸ್ತರನ್ನ ಕೇಳು, ನಿಮಗೂ ಕೇಳತೈತೇನು ಅಂತ. ಅವರು ಇಲ್ಲ ಅಂದ್ರ ಅದನ್ನ ಅಲ್ಲೇ ಬಿಟ್ಟು ಮುಂದ ಹೋಗು. ಅದೊಂದು ಹಿಡಕೊಂಡು ನಾ ಇಲ್ಲೀತನ ಬಂದೆ. ನಮ್ಮ ಕೆಲಸದಾಗ ಎರಡನೇ ಕಿವಿ ಐತೆಲ್ಲಾ, ನನಗ ಇದಕ್ಕಿಂತ ಚಲೋ ಕೆಲಸ ಎಲ್ಲಿ ಸಿಗಬೇಕು ಅಂತ ಎಷ್ಟ ಖುಷಿ ಪಟ್ಟಿದ್ದೆ! ಈಗ ನೋಡ್ರಿ, ಅಷ್ಟೂ ಐತಿ ಅಂದಾರ. ಅದರಾಗ ಯಾವುದು ಖರೆ ಇತ್ತು, ಯಾವುದು ನನ್ನ ತಲ್ಯಾಗಿಂದು? ನಾ ಈಗ ಯಾರನ್ನ ಕೇಳ್ಲಿ?" ಒಂದು ಕಲ್ಲು ಆರಿಸಿ ಎಸೆದು ಮತ್ತೆ ಹೇಳಿದಳು: "ಪರೀಕ್ಷಾನೂ ಬ್ಯಾಡ ಅಂದ್ರು. ನಪಾಸ ಆಗೋ ಹಕ್ಕರ ಇರಬೇಕಿಲ್ರೀ ಮನಷ್ಯಾಗ?" ಹೀಗೇ ಬಿಟ್ಟರೆ ಅವಳು ಕೋಲನ್ನಷ್ಟೇ ಅಲ್ಲ, ತನ್ನ ಕಿವಿಯನ್ನೇ ಕಳೆದುಕೊಳ್ಳುತ್ತಾಳೆ ಎಂದು ನನಗೆ ಅನ್ನಿಸಿತು. ಒಮ್ಮೆ ಹಾಗಾದರೆ ಅವಳನ್ನು ಮರಳಿ ಕರೆತರುವ ದಾರಿ ಯಾವ ಇಂಬುಗಾರ್ತಿಗೂ ಗೊತ್ತಿಲ್ಲ.

ಚಾವಡಿಗೆ ಬಂದು ಎಲ್ಲವನ್ನೂ ಹೇಳಿದೆ, ಬುದ್ಧಿ ಹೇಳಬಾರದೆಂಬ ನಿಯಮವನ್ನು ಗಾಳಿಗೆ ತೂರಿ ನಾಲ್ಕು ಮಾತು ಆಡಿದೆ. ಸಾವಂತ್ರಕ್ಕ ಕೆರಳಿದರು. "ಮುಖದ ಮ್ಯಾಲೆ ಇಲ್ಲ ಅಂದು, ಆಕಿ ಮತ್ತ ಅಂಗಳ ಅಗಿಯಾಕ ನಿಂತ್ರ ನೀ ಹೊಣಿ ಆಗ್ತೀಯೇನು? ಆಕಿ ಬೆರಳ ನೋಡೀಯಿಲ್ಲ ಆವತ್ತ?" ಎಂದು ಕೂಗಿದರು. ಅವರ ಸಿಟ್ಟಿನ ಒಳಗೆ ಇದ್ದದ್ದು ಹೆದರಿಕೆ, ಅದು ನನಗೂ ಗೊತ್ತು. ಅವರ ಸ್ವಂತ ಅಣ್ಣ ನೆರಳುಮನೆಯಿಂದ ಬಂದವನು ಎರಡನೇ ಸಲ ಬಿದ್ದು, ಮತ್ತೆ ಏಳಲಿಲ್ಲ. ನಾನು ಹೊಣೆ ಆಗುತ್ತೇನೆ ಎಂದು ಯಾರು ತಾನೇ ಹೇಳಬಲ್ಲರು? ಆಗ ಮೂಲೆಯಲ್ಲಿದ್ದ ಫಕ್ಕೀರಪ್ಪ ಕಾಕಾ, "ಸಾವಂತ್ರವ್ವಾ, ನಾ ಆಕಿಗೆ ಕೆಲಸ ಕಲಿಸುವಾಗ ದಿನಾ ಇಲ್ಲ ಅಂತಿದ್ದೆ. ಆಗ ಆಕಿ ಬಿದ್ದಿರಲಿಲ್ಲ" ಎಂದರು. ಅಷ್ಟೇ ಹೇಳಿ, ಎದ್ದು, ಕಸ್ತೂರಿಯ ಮನೆಯ ದಾರಿ ಹಿಡಿದರು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಇಂದಿಗೂ ಹೇಳಿಲ್ಲ. ನಾನು ಕೇಳದೆ ಬಿಟ್ಟವಳಲ್ಲ, ಆದರೂ ಹೇಳಿಲ್ಲ.

ಮಾರನೆಯ ದಿನ ಕಸ್ತೂರಿ ಬಂದಳು. ಸದ್ದಿಲ್ಲದ ಹೊತ್ತಿನಲ್ಲಿ ನೇಕಾರರ ಓಣಿಗೆ ಹೋದೆವು. ಮಗ್ಗಗಳು ನಿಂತಿದ್ದವು, ಎಳೆಗಳು ಅರ್ಧಕ್ಕೇ ಇದ್ದವು, ಬಾಗಿಲಲ್ಲಿ ನಿಂತ ಹೆಂಗಸರು ಬಾಯಿಗೆ ಸೆರಗು ಹಿಡಿದಿದ್ದರು. ಸಾವಂತ್ರಕ್ಕ ದೂರದಲ್ಲಿ, ಬೇರೇನೋ ಕೆಲಸವಿದ್ದವರ ಹಾಗೆ ನಿಂತಿದ್ದರು. ಕಸ್ತೂರಿ ಒಂದು ಜಾಗದಲ್ಲಿ ಕೋಲು ಊರಿದಳು, ಕಣ್ಣು ಮುಚ್ಚಿದಳು, ಬಹಳ ಹೊತ್ತು ಕೇಳಿದಳು. ಗುರುತು ಹಾಕಿ "ಐತಿ" ಎಂದಳು. ಕಾಕಾ ಅದೇ ಗುರುತಿನ ಮೇಲೆ ತಮ್ಮ ಕೋಲು ಊರಿದರು. ಕೇಳಿದರು. ಟವೆಲಿನಿಂದ ಕಿವಿ ಒರೆಸಿಕೊಂಡು ಮತ್ತೆ ಕೇಳಿದರು.

"ಇಲ್ಲ" ಎಂದರು.

ಓಣಿಯಲ್ಲಿ ಎಲ್ಲರೂ ಕಸ್ತೂರಿಯ ಮುಖವನ್ನೇ ನೋಡುತ್ತಿದ್ದರು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ನೀರಾಲಿಗರಿಗೆ ತೊಂದರೆಯಾದೀತೆಂದು ಭಯವಾಯಿತು. ಅವಳು ಮತ್ತೊಮ್ಮೆ ಕೋಲಿಗೆ ಕಿವಿ ಕೊಟ್ಟಳು. ಆಮೇಲೆ ಕೋಲು ಕಿತ್ತುಕೊಂಡು ನಿಧಾನವಾಗಿ ಹೇಳಿದಳು: "ಕಾಕಾ, ನನಗ ಇನ್ನೂ ಕೇಳಾಕತ್ತೈತಿ. ಆದ್ರ ನೀವು ಇಲ್ಲ ಅಂದ್ರಲ್ಲ, ಸಾಕು." ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ಸುಣ್ಣದ ಗುರುತನ್ನು ತಾನೇ ಅಳಿಸಿದಳು. ಅಳಿಸಿ, ಕೋಲನ್ನು ಹೆಗಲಿಗೆ ಹಾಕಿಕೊಂಡು, ಓಣಿಯ ಮುಂದಿನ ಮನೆಯ ಎದುರಿಗೆ ಹೋಗಿ ನಿಂತಳು. ಸಾವಂತ್ರಕ್ಕ ಗೋಡೆಗೆ ಮುಖ ಮಾಡಿ ಅತ್ತರು. ನಾನು ಯಾವ ಗೋಡೆಯನ್ನೂ ಹುಡುಕದೆ, ನಡುಬೀದಿಯಲ್ಲೇ ಅತ್ತೆ. ಕಸ್ತೂರಿ ತಿರುಗಿ ನೋಡಿ, ಬಾಯಿಯ ಮೇಲೆ ಬೆರಳಿಟ್ಟು ನನ್ನನ್ನು ಗದರಿಸಿದಳು. ನಿಜ, ಕೆಲಸ ನಡೆಯುತ್ತಿತ್ತು.

ಅಂದಿನಿಂದ ಅವಳಿಗೆ ಐತಿಗಳೂ ಸಿಕ್ಕಿವೆ, ಇಲ್ಲಗಳೂ ಸಿಕ್ಕಿವೆ. ಪರೀಕ್ಷೆಗೆ ಕೂತಳು, ನಪಾಸಾದಳು. ಆ ಸಂಜೆ ಅವಳು ಮೇಷ್ಟ್ರನ್ನು ಬೈದ ಬೈಗುಳ ಕೇಳಿ ನನಗೆ ಹಳೆಯ ಕಸ್ತೂರಿ ಸಿಕ್ಕಿದಷ್ಟು ಸಂತೋಷವಾಯಿತು. ಬರುವ ವರ್ಷ ಮತ್ತೆ ಕೂರುತ್ತಾಳಂತೆ. ಈ ನಡುವೆ ಒಮ್ಮೆ ಕಾಯಿಲೆ ಮರುಕಳಿಸಿ ನೆರಳುಮನೆಗೂ ಹೋಗಿಬಂದಳು. ಅದನ್ನು ಬಚ್ಚಿಡುವುದಿಲ್ಲ, ಏಕೆಂದರೆ ಎಲ್ಲ ಸುಖವಾಯಿತು ಎಂದು ಬರೆದರೆ ನಾನೂ ನಿಮ್ಮ ಗುಂಡಿಗೆ ಚಾವಡಿಯ ಕೊಡದ ನೀರು ಸುರಿದಂತಾಗುತ್ತದೆ. ಹೋಗುವಾಗ ಕೋಲನ್ನು ಕಾಕಾನ ಕೈಗೆ ತಾನೇ ಕೊಟ್ಟು ಹೋದಳು, ಬಂದು ತಾನೇ ಇಸಿದುಕೊಂಡಳು.

ಈಗ ನನ್ನ ಬೇಡಿಕೆ. ನಿಮ್ಮ ಕಾಲದಲ್ಲಿ ಮರಳಿ ಬಂದವರಿಗೆ ಜಾಗವೇ ಇರುವುದಿಲ್ಲ ಎಂದು ಕೆಲವರು ನನಗೆ ಹೇಳಿದ್ದಾರೆ, ಇರುತ್ತದೆ ಎಂದು ಕೆಲವರು ಹೇಳಿದ್ದಾರೆ. ಯಾವುದು ನಿಜವೋ ನೀವೇ ಬಲ್ಲಿರಿ. ಇಲ್ಲದಿದ್ದರೆ ಮೊದಲು ಜಾಗ ಮಾಡಿ. ನಿಮ್ಮ ಕಚೇರಿಯಲ್ಲಿ, ತರಗತಿಯಲ್ಲಿ, ಮಳಿಗೆಯಲ್ಲಿ ಅಂಥವರು ಬಂದು ಕೂತರೆ, ಉಪಚಾರ ಮಾಡಿ, ಊಟಕ್ಕೆ ಕರೆಯಿರಿ, ಆಯಾಸವಾದರೆ ಮನೆಗೆ ಕಳಿಸಿ. ಆದರೆ ಅವರು ನಿಮ್ಮನ್ನು ನಂಬಿ ಒಂದು ಮಾತು ಕೇಳಿದಾಗ, ಅವರ ಮುಖ ನೋಡಿ ಉತ್ತರ ಬದಲಾಯಿಸಬೇಡಿ. ನೀವು ಹಾಗೆ ಮಾಡುತ್ತಿರೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ, ಅದೊಂದು ಕೊರಗು. ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ. ಕಸ್ತೂರಿ ಇದನ್ನೆಲ್ಲ ಓದಿದಳು, ಅವಳು ಒಪ್ಪದೆ ಕಳಿಸುವಂತಿಲ್ಲವಲ್ಲ. ಅವಳು ನಪಾಸಾದ ವಿಷಯ ಹೊಡೆದುಹಾಕಲೇ ಎಂದು ಕೇಳಿದೆ. "ಬ್ಯಾಡ, ಇರ್ಲಿ ಬಿಡ್ರಿ," ಎಂದಳು, "ಅದು ಖರೆ ನಂದು."

ನಿಮ್ಮ ಮುಂದಿನವಳು,
ನಿಂಬೆವ್ವ ಹಡಪದ